ಗಡ್ಡದಲ್ಲಿ ನಾಣ್ಯದಗಲ ಕೂದಲು ಉದುರಿದೆ, ಸ್ಟೀರಾಯ್ಡ್ ಇಂಜೆಕ್ಷನ್ ತಗೊಳ್ಳಬಹುದಾ?

ದವಡೆ ಹತ್ತಿರ ದುಂಡಗೆ ಕೂದಲು ಉದುರಿದೆ, ಡಾಕ್ಟರು ಅಲ್ಲಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇನೆ ಅಂದಿದ್ದಾರೆ, ಮುಖ ಹಾಳಾಗುತ್ತಾ ಅಂತ ಕೇಳಿದ್ದೀರಿ. ನಾನು ತಗೊಂಡಿದ್ದೇನೆ. ಮುಖ ಹಾಳಾಗಲಿಲ್ಲ. ಸ್ವಲ್ಪ ಹಾಳಾಗಿದ್ದು ಅದಕ್ಕೂ ಮೊದಲು ನಾನೇ ಮಾಡಿಕೊಂಡ ಕಿತಾಪತಿಯಿಂದ.

ನನಗದು ಗೊತ್ತಾಗಿದ್ದು ಕಟಿಂಗ್ ಶಾಪಿನಲ್ಲಿ. ಹುಡುಗ ಗದ್ದ ಎತ್ತಿ ಹಿಡಿದು, "ಅಣ್ಣ, ಇಲ್ಲಿ ಹುಳ ತಿಂದಿದೆ ನೋಡಿ" ಅಂದ. ಒಂದು ರೂಪಾಯಿ ನಾಣ್ಯದಷ್ಟು ಜಾಗ, ಮಗುವಿನ ಕೆನ್ನೆಯಷ್ಟು ನುಣುಪು. ಉರಿ ಇಲ್ಲ, ತುರಿಕೆ ಇಲ್ಲ. ಬೆಳ್ಳುಳ್ಳಿ ಉಜ್ಜಿ ಅಂದ. ಉಜ್ಜಿದೆ, ಚರ್ಮ ಸುಟ್ಟು ಗುಳ್ಳೆ ಎದ್ದಿತು. ಆಮೇಲೆ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ಒಂದು ಟ್ಯೂಬ್ ತಂದು ಎರಡು ತಿಂಗಳು ಹಚ್ಚಿದೆ. ಅದರಲ್ಲಿದ್ದದ್ದು ಕ್ಲೋಬೆಟಸಾಲ್, ಬಹಳ ಜೋರಾದ ಸ್ಟೀರಾಯ್ಡ್. ಕೂದಲಂತೂ ಬರಲಿಲ್ಲ. ಕೆನ್ನೆ ಕೆಂಪಾಯಿತು, ಮೊಡವೆ ಎದ್ದವು, ನಿಲ್ಲಿಸಿದರೆ ಉರಿ. ಅದು ಇಳಿಯುವುದೇ ದೊಡ್ಡ ಕಥೆಯಾಯಿತು.

ಚರ್ಮದ ಡಾಕ್ಟರು ನೋಡಿ ಇದು ಅಲೋಪೇಶಿಯಾ ಏರಿಯೇಟಾ ಅಂದರು. ಹುಳ ಗಿಳ ಏನೂ ಇಲ್ಲ. ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಕೂದಲ ಬುಡದ ಮೇಲೆ ತಿರುಗಿ ಬೀಳುತ್ತವೆ. ಬುಡ ಸಾಯುವುದಿಲ್ಲ, ಹಾಗಾಗಿ ಮತ್ತೆ ಕೂದಲು ಬರಬಹುದು. ಆದರೆ ನಿಜವಾದ ಹುಳುಕಡ್ಡಿಯೂ, ಅಂದರೆ ಶಿಲೀಂಧ್ರದ ಸೋಂಕೂ, ಗಡ್ಡಕ್ಕೆ ಬರುತ್ತದೆ. ಹೊಟ್ಟು, ತುರಿಕೆ, ಕೀವು ಇದ್ದರೆ ಮೊದಲು ಅದನ್ನು ಪರೀಕ್ಷೆ ಮಾಡಿಸಿ. ಅದಕ್ಕೆ ಸ್ಟೀರಾಯ್ಡ್ ಬಿದ್ದರೆ ಇನ್ನೂ ಹರಡುತ್ತದೆ.

ಇಂಜೆಕ್ಷನ್ ಹೆಸರು ಟ್ರಯಾಮ್ಸಿನೊಲೋನ್. ಇನ್ಸುಲಿನ್ ಸಿರಿಂಜಿನ ಸಣ್ಣ ಸೂಜಿಯಲ್ಲಿ ಸೆಂಟಿಮೀಟರಿಗೊಂದರಂತೆ ಹನಿ ಹನಿಯಾಗಿ ಚುಚ್ಚಿದರು. ಕೆಂಜಿರುವೆ ಕಚ್ಚಿದ ಹಾಗೆ, ಎರಡು ನಿಮಿಷದಲ್ಲಿ ಮುಗಿಯಿತು. ತಲೆಗೆ ಮಿಲಿಲೀಟರಿಗೆ 5 ಮಿಲಿಗ್ರಾಂ ಅಥವಾ ಇನ್ನೂ ಜಾಸ್ತಿ ಕೊಡುತ್ತಾರೆ. ಮುಖದ ಚರ್ಮ ತೆಳು, ಹಾಗಾಗಿ ಸಾಮಾನ್ಯವಾಗಿ 2.5. ನಿಮ್ಮ ಡಾಕ್ಟರನ್ನು ಈ ಒಂದು ಸಂಖ್ಯೆ ಕೇಳಿ, ಸಂಕೋಚ ಬೇಡ. 4ರಿಂದ 6 ವಾರಕ್ಕೊಮ್ಮೆ ಕೊಡುವುದು ರೂಢಿ, ನನಗೆ ಮೂರು ಸಲ ಆಯಿತು. ಎರಡನೆಯದಾದ ಮೇಲೆ ಬೆರಳಿಗೆ ಒಂದು ಸಣ್ಣ ಗುಳಿ ಸಿಗುತ್ತಿತ್ತು. ಮಸೂರದ ಬೇಳೆ ಒತ್ತಿ ತೆಗೆದ ಹಾಗೆ. ಚರ್ಮ ತೆಳ್ಳಗಾಗುವುದೆಂದರೆ ಇದೇ. ಏಳೆಂಟು ತಿಂಗಳಲ್ಲಿ ತುಂಬಿಕೊಂಡಿತು. ಕೆಲವರಿಗೆ ಆ ಜಾಗ ಬೆಳ್ಳಗಾಗುತ್ತದೆ, ನಮ್ಮ ಎಣ್ಣೆಗೆಂಪು ಬಣ್ಣದಲ್ಲಿ ಅದು ಎದ್ದು ಕಾಣುತ್ತದೆ.

ಹಚ್ಚಿಕೊಳ್ಳಲು 5% ಮಿನಾಕ್ಸಿಡಿಲ್ ದ್ರಾವಣ ಕೂಡ ಕೊಡುತ್ತಾರೆ. ನಿಧಾನ, ಮೂರು ನಾಲ್ಕು ತಿಂಗಳು ಕಾಯಬೇಕು. ತುರಿಕೆ ಬರಬಹುದು, ಹರಿದ ಕಡೆಯೆಲ್ಲ ಕೂದಲು ಬರಬಹುದು. ಎದೆ ಬಡಿತ ಜಾಸ್ತಿಯಾದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ಬಾಟಲಿ, ದಿಂಬು ಎರಡೂ ಹುಷಾರು. ಅದು ಬೆಕ್ಕಿಗೆ ವಿಷ. ಸ್ಟೀರಾಯ್ಡ್ ಬೇಡ ಅನ್ನುವವರಿಗೆ ಟ್ಯಾಕ್ರೋಲಿಮಸ್ ಮುಲಾಮು ಇದೆ. ಚರ್ಮ ತೆಳ್ಳಗಾಗುವುದಿಲ್ಲ, ಮೊದಲ ದಿನಗಳಲ್ಲಿ ಉರಿ, ಫಲ ಅಷ್ಟಕ್ಕಷ್ಟೇ.

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬ್ಯಾರಿಸಿಟಿನಿಬ್ ಮಾತ್ರೆ ಬಗ್ಗೆ ಯಾರಾದರೂ ಹೇಳಿರಬಹುದು. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಕಾಯಿಲೆ ತೀವ್ರವಾಗಿರುವ ದೊಡ್ಡವರಿಗೆ. ರಕ್ತ ಹೆಪ್ಪುಗಟ್ಟುವ ಭಯ ಇದೆ, ಸೋಂಕಿನ ಭಯವೂ ಇರುವುದರಿಂದ ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಮಾಡಿಸುತ್ತಾರೆ. ಒಂದು ನಾಣ್ಯದ ಜಾಗಕ್ಕೆ ಅದು ಬೇಡವೇ ಬೇಡ.

ಸುಮ್ನೆ ಬಿಡುವುದೂ ಒಂದು ದಾರಿ. ಇಷ್ಟು ಚಿಕ್ಕದಾದರೆ ಎಷ್ಟೋ ಜನರಿಗೆ ಒಂದು ವರ್ಷದೊಳಗೆ ತಾನೇ ಬರುತ್ತದೆ. ಈಗ ಆಗಿದ್ದರೆ ನಾನು ಗಡ್ಡ ಬೋಳಿಸಿ ಎರಡು ಮೂರು ತಿಂಗಳು ಕಾಯುತ್ತಿದ್ದೆ. ತಲೆ, ಹುಬ್ಬಿಗೂ ಬಂದರೆ ಮಾತ್ರ ಕಾಯಬೇಡಿ. ಥೈರಾಯ್ಡ್ ಒಮ್ಮೆ ನೋಡಿಸಿ, ಎರಡೂ ಜೊತೆಯಲ್ಲಿ ಬರುವುದುಂಟು.

ಮೊದಲು ಬರುವುದು ಬಿಳಿ ಕೂದಲು, ಗಾಬರಿಯಾಗಿ ಕೀಳಬೇಡಿ. ನನ್ನವು ಕಪ್ಪಾಗಲು ಐದು ತಿಂಗಳು ಹಿಡಿಯಿತು. ಎರಡು ಮಾತ್ರ ಇನ್ನೂ ಬೆಳ್ಳಗೇ ಇವೆ.