ಬೈಬಲ್ ಓದಿ ಮುಗಿಸುತ್ತೇನೆ, ಸಿಟ್ಟು ಮಾತ್ರ ಮುಗಿಯುತ್ತಿಲ್ಲ

ಪ್ರಶ್ನೆ: ಅಯ್ಯನವರೇ, ನಾನು ವಿಜಯಪುರ ಜಿಲ್ಲೆಯ ಒಂದು ಊರಿನಲ್ಲಿ ಶಾಲಾ ಶಿಕ್ಷಕಿ. ಪ್ರತಿ ವರ್ಷ ಜನವರಿ 1ಕ್ಕೆ ಬೈಬಲ್ ಓದಲು ಶುರು ಮಾಡಿ ಡಿಸೆಂಬರ್‌ಗೆ ಮುಗಿಸುತ್ತೇನೆ. ಭಾನುವಾರದ ಆರಾಧನೆ, ಸ್ತ್ರೀಯರ ಕೂಟ ತಪ್ಪಿಸುವುದಿಲ್ಲ. ಆದರೆ ಮನೆಯಲ್ಲಿ ನನ್ನ ಬಾಯಿಗೆ ಹಿಡಿತವೇ ಇಲ್ಲ. ಪಾತ್ರೆ ತೊಳೆಯಲು ಬರುವಾಕೆ ಸ್ವಲ್ಪ ತಡ ಮಾಡಿದರೂ ರೇಗಿಬಿಡುತ್ತೇನೆ. ಮೊನ್ನೆ ಮಗಳು, "ಮಮ್ಮಿ, ಈಗಷ್ಟೇ ಬೈಬಲ್ ಓದಿದ್ಯಲ್ಲ, ಆಗಲೇ ಯಾಕೆ ಬೈತೀಯಾ?" ಎಂದಳು. ಅಂದಿನಿಂದ ನೆಮ್ಮದಿಯಿಲ್ಲ. ಪವಿತ್ರಾತ್ಮನು ನಮ್ಮಲ್ಲಿ ಬೆಳೆಸುವ ಪ್ರೀತಿ, ಸಮಾಧಾನದಂಥ ಗುಣಗಳು, ಆ ಆತ್ಮನ ಫಲವೇ ನನ್ನಲ್ಲಿ ಇಲ್ಲವೇ?

ಉತ್ತರ: ಸಹೋದರಿ, ಮಗಳ ಮಾತಿಗೆ ನೀವು ಸಿಟ್ಟಾಗಲಿಲ್ಲ, ನೊಂದುಕೊಂಡಿರಿ. ಅದನ್ನು ಮೊದಲು ಗಮನಿಸಿ. ಫಲವೇ ಇಲ್ಲದ ಕಡೆ ಆ ನೋವೂ ಇರುವುದಿಲ್ಲ.

ಈಗ ನಿಮ್ಮ ಓದಿನ ವಿಷಯ. ಬೈಬಲಿನ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ಒಂದು ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಲೇಬೇಕು. ಸ್ಟವ್ ಮೇಲೆ ಕುಕ್ಕರ್, ಮಗಳ ಟಿಫಿನ್ ಬಾಕ್ಸ್, ನಿಮ್ಮ ಶಾಲೆಯ ಗಂಟೆ, ಇದರ ನಡುವೆ ಇಷ್ಟು ಓದುವುದು ಸಣ್ಣ ಮಾತಲ್ಲ. ಆದರೆ ಹೀಗೆ ಓದುವಾಗ ಕಣ್ಣು ಮುಂದಿನ ಅಧ್ಯಾಯದ ಮೇಲೇ ಇರುತ್ತದೆ. ಲೆಕ್ಕ ಹಾಕಿ ನೋಡಿ: ಜನವರಿ 1ಕ್ಕೆ ಶುರು ಮಾಡಿದರೆ ಫೆಬ್ರುವರಿ ಮೊದಲ ವಾರ ಯಾಜಕಕಾಂಡದ 19ನೇ ಅಧ್ಯಾಯ ಬರುತ್ತದೆ. ಪ್ರತಿ ವರ್ಷ ನೀವು ಅದನ್ನು ದಾಟಿ ಹೋಗಿದ್ದೀರಿ. ಈ ಸಲ ಅಲ್ಲೇ ಕೂತುಬಿಡಿ.

"ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಬೇಕು" ಎಂದು ದೇವರು ಹೇಳುವುದರಿಂದಲೇ ಆ ಅಧ್ಯಾಯ ಶುರುವಾಗುತ್ತದೆ. ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲ ಪತ್ರದಲ್ಲಿ ನೆನಪಿಸುವುದೂ ಈ ಮಾತನ್ನೇ. ಪರಿಶುದ್ಧತೆ ಅಂದ ಕೂಡಲೇ ನಮ್ಮ ಸಭೆಗಳಲ್ಲಿ ಸಿನಿಮಾ, ಒಡವೆ, ಕುಡಿತದ ಮಾತು ಬರುತ್ತದೆ. ಆದರೆ ಆ ಅಧ್ಯಾಯದಲ್ಲಿ ಏನಿದೆ ಗೊತ್ತಾ? ಹೊಲ ಕೊಯ್ಯುವಾಗ ಅಂಚನ್ನು ಬಡವರಿಗೆ ಬಿಡು. ದಿನಗೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಉಳಿಯಬಾರದು. ಕಿವುಡರನ್ನು ಶಪಿಸಬೇಡ, ಕುರುಡರ ದಾರಿಯಲ್ಲಿ ಅಡ್ಡಿ ಇಡಬೇಡ. ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳಬೇಡ. ತಲೆನರೆತವರ ಮುಂದೆ ಎದ್ದು ನಿಲ್ಲು. ತಕ್ಕಡಿ ಸರಿಯಾಗಿರಲಿ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಇರುವುದೂ ಇಲ್ಲೇ, 18ನೇ ವಚನದಲ್ಲಿ. ಕಿವುಡನಿಗೆ ಬೈಗುಳ ಕೇಳಿಸುವುದಿಲ್ಲ, ಕೂಲಿಯವನು ಎದುರು ಮಾತಾಡಲಾರ. ತಿರುಗಿ ಏನೂ ಮಾಡಲಾಗದವರ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ದೇವರು ಪರಿಶುದ್ಧತೆಯ ಲೆಕ್ಕಕ್ಕೇ ಸೇರಿಸಿದ್ದಾನೆ. ನಿಮ್ಮ ಮನೆಯಲ್ಲಿ ಆ ಜಾಗದಲ್ಲಿ ಇರುವವಳು ಪಾತ್ರೆ ತೊಳೆಯುವಾಕೆ. ನೀವು ಹೆಡ್‌ಮಾಸ್ಟರ್ ಮೇಲೆ ಹೀಗೆ ರೇಗುವುದಿಲ್ಲ, ಅಲ್ವಾ?

ಇದು ನಿಮ್ಮನ್ನು ಚುಚ್ಚಲು ಹೇಳಿದ ಮಾತಲ್ಲ. ಯೋಹಾನ 15ರಲ್ಲಿ ಯೇಸು, ತಾನೇ ಬಳ್ಳಿ, ಶಿಷ್ಯರು ಕೊಂಬೆಗಳು ಎಂದು ಹೇಳಿ, ಫಲ ಕೊಡುವ ಕೊಂಬೆಯನ್ನೇ ತಂದೆ ಇನ್ನಷ್ಟು ಫಲಕ್ಕಾಗಿ ಸವರುತ್ತಾನೆ ಎನ್ನುತ್ತಾನೆ. ಅದರ ಮುಂದಿನ ವಚನದಲ್ಲೇ, ನಾನು ಹೇಳಿದ ವಾಕ್ಯದಿಂದ ನೀವು ಶುದ್ಧರಾಗಿದ್ದೀರಿ ಎಂಬ ಮಾತಿದೆ. ಸವರುವ ಕತ್ತರಿ ವಾಕ್ಯವೇ. ನಿಮ್ಮ ಸುತ್ತ ದ್ರಾಕ್ಷಿ ತೋಟಗಳಿವೆ, ನಿಮಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಹಣ್ಣು ಕೊಯ್ದಾದ ಮೇಲೆ ಏಪ್ರಿಲ್ ಚಾಟ್ನಿಯಲ್ಲಿ, ಅಂದರೆ ಸವರುವಿಕೆಯಲ್ಲಿ, ಬಳ್ಳಿಯನ್ನು ಮೋಟು ಮಾಡಿಬಿಡುತ್ತಾರೆ. ಗೊತ್ತಿಲ್ಲದವರು ನೋಡಿದರೆ ತೋಟ ಹಾಳಾಯ್ತು ಅನ್ನಬೇಕು. ಆಮೇಲೆ ಚಿಗುರುವ ಕಡ್ಡಿಯಲ್ಲಿ ಹೊರಗೆ ಕಾಣುವುದು ಬರೀ ಎಲೆ. ಮುಂದಿನ ಗೊನೆ ಮಾತ್ರ ಆ ಬೇಸಿಗೆಯಲ್ಲೇ ಕಡ್ಡಿಯ ಕಣ್ಣಿನೊಳಗೆ, ಅಂದರೆ ಮೊಗ್ಗಿನೊಳಗೆ, ರೂಪ ತಳೆಯುತ್ತದೆ. ಅಕ್ಟೋಬರ್ ಚಾಟ್ನಿ ಆದ ಮೇಲೆ ಅದು ಹೊರಗೆ ಬರುತ್ತದೆ. ಮಗಳ ಪ್ರಶ್ನೆ ನಿಮಗೆ ಏಪ್ರಿಲ್ ಚಾಟ್ನಿ ಅಂದುಕೊಳ್ಳಿ.

ಇನ್ನು ಮಾಡಬೇಕಾದ್ದು. ಈ ವರ್ಷ ಬೈಬಲ್ ಮುಗಿಸುವ ಗುರಿ ಬಿಡಿ. ಪಾಪವೇನೂ ಆಗುವುದಿಲ್ಲ. ಒಂದು ವಾರಕ್ಕೆ ಒಂದೇ ಭಾಗ ಇಟ್ಟುಕೊಳ್ಳಿ. ಮೊದಲ ವಾರ ಯಾಕೋಬನ ಪತ್ರದ 1ನೇ ಅಧ್ಯಾಯ, 19ರಿಂದ 25. ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ, ಕೋಪದಲ್ಲಿ ನಿಧಾನ ಎಂದು ಶುರುವಾಗಿ, ವಾಕ್ಯ ಕೇಳಿ ಸುಮ್ನೆ ಹೋಗುವವನು ಕನ್ನಡಿಯಲ್ಲಿ ಮುಖ ನೋಡಿ ಮರೆತವನ ಹಾಗೆ ಎಂಬಲ್ಲಿಗೆ ಬರುತ್ತದೆ. ಪಾತ್ರೆಯಾಕೆ ಬರುವ ಹೊತ್ತಿಗೆ ಮುಂಚೆ ಇದನ್ನು ಬಾಯಿಬಿಟ್ಟು ಓದಿ. 12ನೇ ಶತಮಾನದಲ್ಲಿ ಗೀಗೋ ಎಂಬ ಕಾರ್ತೂಸಿಯನ್ (ಕ್ಯಾಥೊಲಿಕ್ ಮಠಪಂಥದ) ಸನ್ಯಾಸಿ ಬೈಬಲ್ ಓದುವವನಿಗೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮೆಲುಕು, ಪ್ರಾರ್ಥನೆ, ಕೊನೆಗೆ ದೇವರ ಮುಂದೆ ಸುಮ್ಮನಿರುವುದು. ನಾವು ಪ್ರೊಟೆಸ್ಟಂಟರು ಮೊದಲ ಮೆಟ್ಟಿಲಲ್ಲೇ ಓಡಾಡುವುದು ಹೆಚ್ಚು ಎಂದು ನನಗೆ ಅನಿಸುತ್ತದೆ.

ಎರಡನೆಯದು ಕಷ್ಟದ ಕೆಲಸ. ಆಕೆಯ ಹತ್ತಿರ ಕ್ಷಮೆ ಕೇಳಿ. ಮಗಳ ಎದುರಿಗೇ ಕೇಳಿ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಯೇಸು ಹೇಳಿದ್ದು ಇಂಥದ್ದಕ್ಕೇ. "ಆದರೆ ನೀನೂ ತಡ ಮಾಡ್ತೀಯಾ" ಎಂದು ಬಾಲ ಸೇರಿಸಬೇಡಿ. ಅವಳು ಯಾಕೆ ತಡವಾಗಿ ಬರುತ್ತಾಳೆ ಎಂದು ಬೇರೆ ದಿನ ಕೇಳಿ. ನಿಮ್ಮ ಮನೆಗಿಂತ ಮುಂಚೆ ಅವಳು ಎಷ್ಟು ಮನೆ ಮುಗಿಸಿ ಬರುತ್ತಾಳೋ.

ಒಂದು ಮಾತು ನಿಮ್ಮ ಪರವಾಗಿಯೂ ಹೇಳಬೇಕು. ಶಾಲೆ, ಅಡುಗೆ, ಮಗಳ ಹೋಂವರ್ಕ್ ಎಲ್ಲ ನಿಮ್ಮೊಬ್ಬರ ತಲೆಯ ಮೇಲಿದ್ದರೆ ಬೆಳಗ್ಗೆ ಏಳುವಾಗಲೇ ಸುಸ್ತಾಗಿರುತ್ತೀರಿ. ಕೆಲಸ ಹಂಚಿಕೊಳ್ಳಿ ಎಂದು ಯಜಮಾನರಿಗೆ ನೇರವಾಗಿ ಹೇಳಿ. ನಿದ್ದೆ ಬರುತ್ತಿಲ್ಲ, ಕೈ ಎತ್ತುವಷ್ಟು ಸಿಟ್ಟು ಬರುತ್ತದೆ ಎಂದಾದರೆ ಡಾಕ್ಟರನ್ನು ನೋಡಿ. ಅದು ನಂಬಿಕೆ ಕಡಿಮೆಯಾದ ಗುರುತಲ್ಲ. ಗಲಾತ್ಯ 5ರಲ್ಲಿ ಅಪೊಸ್ತಲ ಪೌಲನು ಹೇಳುವ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಎಲ್ಲವೂ ಆತ್ಮನು ಕೊಡುವ ಫಲ. ಹಲ್ಲುಕಚ್ಚಿ ಅದನ್ನು ತರಲಾಗದು. ಕೊಂಬೆಯ ಕೆಲಸ ಬಳ್ಳಿಯಲ್ಲಿ ನೆಲೆಸಿರುವುದು.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಗೆಳೆಯ ದೀಪಾವಳಿ ಊಟಕ್ಕೆ ಕರೆದಿದ್ದಾನೆ. ಪರಿಶುದ್ಧವಾಗಿ ಬಾಳಬೇಕಾದರೆ ಹೋಗಬಾರದು ಎನ್ನುತ್ತಾರೆ ನಮ್ಮ ಸಭೆಯ ಕೆಲವರು. ಏನು ಮಾಡಲಿ?

ಉತ್ತರ: ಹೋಗಪ್ಪಾ. ಜನ ದೂರವಿಟ್ಟಿದ್ದ ಸುಂಕ ವಸೂಲಿಗಾರರ ಜೊತೆ ಕೂತು ಉಂಡ ಕರ್ತನು ನಮ್ಮವನು. 1 ಕೊರಿಂಥ 10ರಲ್ಲಿ ಪೌಲನು ಹೇಳುವುದು ಸ್ಪಷ್ಟವಾಗಿದೆ: ನಂಬದವರು ಕರೆದರೆ, ಹೋಗಲು ಇಷ್ಟವಿದ್ದರೆ, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ. ಇದು ನೈವೇದ್ಯಕ್ಕೆ ಇಟ್ಟಿದ್ದು ಎಂದು ಯಾರಾದರೂ ಹೇಳಿದರೆ ಮಾತ್ರ, ಹೇಳಿದವನ ಸಲುವಾಗಿ ಅದನ್ನು ಬಿಡಿ. ಅದನ್ನೂ ಮುಖ ಸಿಂಡರಿಸದೆ, "ಇದೊಂದು ಬೇಡಮ್ಮ, ಇನ್ನೊಂದು ಹೋಳಿಗೆ ಹಾಕಿ" ಎಂದು ಅವನ ತಾಯಿಗೆ ಮರ್ಯಾದೆಯಿಂದ ಹೇಳು. ಕ್ರಿಸ್ಮಸ್‌ಗೆ ಅವರ ಮನೆಯವರನ್ನೆಲ್ಲ ನಿಮ್ಮ ಮನೆಗೆ ಊಟಕ್ಕೆ ಕರಿ.