ಗೂಳಿ ಎದುರಿಗೆ, ದನಗಾಹಿ ಬೇಲಿಯ ಹಿಂದೆ

"ಹೋದ ಸಂಚಿಕೆಯಲ್ಲಿ ನೀವು ಹಾಕಿದ್ದ ಡಚ್ಚರ ದನಗಳ ಚಿತ್ರಗಳು ಸೊಗಸಾಗಿದ್ದವು. ಆದರೆ ಅವನ್ನು ಮೇಯಿಸಿದವರು, ಹಾಲು ಕರೆದವರು ಎಲ್ಲಿ? ಇವೆಲ್ಲ ಸಾಹುಕಾರರ ಗೋಡೆಗೆ ಬರೆದವು, ಅಲ್ವಾ?" ಎಂದು ಹಾಸನದ ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ: ಗೋಡೆಯ ವಿಷಯ ನಿಜ. 17ನೇ ಶತಮಾನದ ಹಾಲೆಂಡಿನಲ್ಲಿ ಹುಲ್ಲುಗಾವಲು ಎಂದರೆ ದುಡ್ಡು. ಬೇಮ್‌ಸ್ಟರ್ ಎಂಬ ದೊಡ್ಡ ಸರೋವರದ ನೀರನ್ನು ಗಾಳಿಯಂತ್ರಗಳಿಂದ ಎತ್ತಿ ಹಾಕಿ, 1612ರ ಹೊತ್ತಿಗೆ ಅದನ್ನು ನೆಲ ಮಾಡಿದರು. ಬಂಡವಾಳ ಹಾಕಿದವರಲ್ಲಿ ಆಮ್‌ಸ್ಟರ್‌ಡಾಮಿನ ವ್ಯಾಪಾರಿಗಳಿದ್ದರು. ಬೆಣ್ಣೆ, ಚೀಸ್ ಹೊರದೇಶಗಳಿಗೂ ಹೋದವು. ಸಗಣಿ ಮುಟ್ಟದ ಪೇಟೆಯವರು ಮೈ ತುಂಬಿದ ಹಸುವಿನ ಚಿತ್ರ ಕೊಂಡದ್ದು ಸುಮ್ನೆ ಅಲ್ಲ.

ಆದರೆ ಡಚ್ ಚಿತ್ರಕಾರ ಪೌಲುಸ್ ಪಾಟರ್‌ನ ಗೂಳಿಯ ಚಿತ್ರವನ್ನು ಇನ್ನೊಮ್ಮೆ ನೋಡಿ. 1647ರಲ್ಲಿ, ಅವನಿಗೆ 21 ವರ್ಷವಿದ್ದಾಗ ಬರೆದದ್ದು. ಈಗ ಹೇಗ್ ನಗರದ ವಸ್ತುಸಂಗ್ರಹಾಲಯವಾದ ಮೌರಿಟ್ಸ್‌ಹೌಸ್‌ನಲ್ಲಿದೆ. ಅಗಲ ಸುಮಾರು 3.4 ಮೀಟರ್. ರಾಜರಿಗೆ, ಸೇನಾಪತಿಗಳಿಗೆ ಮೀಸಲಾಗಿದ್ದ ಅಳತೆಯನ್ನು ಅವನು ಒಂದು ಗೂಳಿಗೆ ಕೊಟ್ಟ! ಬೆನ್ನ ಮೇಲೆ ನೊಣ, ಕೆಳಗೆ ಕಪ್ಪೆ, ಸಗಣಿ ಕೂಡ ಇದೆ. ನೀವು ಕೇಳಿದ ದನಗಾಹಿಯೂ ಇದ್ದಾನೆ, ಬೇಲಿಯ ಹಿಂದೆ ಮರದ ಪಕ್ಕದಲ್ಲಿ. ನಮ್ಮ ಕಣ್ಣು ಅಲ್ಲಿಗೆ ಹೋಗುವುದೇ ತಡವಾಗಿ.

ದನ ಸಾಕಿದವರು ಈ ಗೂಳಿಯನ್ನು ನೋಡಿದರೆ ನಕ್ಕಾರು. ಇದು ಒಂದೇ ಪ್ರಾಣಿಯಲ್ಲ. ಬೇರೆ ಬೇರೆ ವಯಸ್ಸಿನ ದನಗಳನ್ನು ನೋಡಿ ಗೀಚಿಕೊಂಡದ್ದನ್ನು ಒಟ್ಟು ಸೇರಿಸಿ ಕಟ್ಟಿದ್ದು. ಹೆಗಲು ಒಂದು ವಯಸ್ಸಿನದು, ಕೊಂಬು ಇನ್ನೊಂದರದು. ಹಾಗಾಗಿ ನನಗೆ ದೊಡ್ಡ ವರ್ಣಚಿತ್ರಕ್ಕಿಂತ ಕೊಟ್ಟಿಗೆ, ಬಯಲಲ್ಲಿ ಕೂತು ಸೀಮೆಸುಣ್ಣದಲ್ಲಿ ಬರೆದುಕೊಂಡ ಹಾಳೆಗಳ ಮೇಲೆ ನಂಬಿಕೆ ಜಾಸ್ತಿ. ಅದೇ ಶತಮಾನದ ಡಚ್ ಚಿತ್ರಕಾರ ಅಡ್ರಿಯಾನ್ ಫಾನ್ ಡೆ ವೆಲ್ಡೆಯ ಕೆಂಪು ಸೀಮೆಸುಣ್ಣದ ದನಗಳು ಅಂಥವು. ಅವು ಗೋಡೆಗಲ್ಲ, ಅವನ ಕೆಲಸಕ್ಕೆ ಇದ್ದವು.

ಹಾಲು ಕರೆಯುವವಳನ್ನು ಕಾಣಬೇಕಾದರೆ ಇನ್ನೂ ಹಿಂದೆ ಹೋಗಬೇಕು. ಲೈಡನ್‌ನ ಲೂಕಾಸ್ ಎಂಬ ಚಿತ್ರಕಾರ 1510ರಲ್ಲೇ ಮುದ್ರಣಕ್ಕಾಗಿ ತಾಮ್ರದ ತಗಡಿನಲ್ಲಿ ಅವಳನ್ನು ಕೆತ್ತಿದ್ದ. ಅಲ್ಲೂ ಜಾಗವೆಲ್ಲ ಹಸುವಿನದೇ.

ಸಾಹುಕಾರರ ಹೆಮ್ಮೆಗೆ ಸಿಗದ ಚಿತ್ರವೂ ಒಂದಿದೆ. ರೆಂಬ್ರಾಂಟ್ 1643ರಲ್ಲಿ ಮಾಡಿದ ಹಂದಿಯ ಮುದ್ರಣಚಿತ್ರ. ಕಾಲು ಕಟ್ಟಿ ಮಲಗಿಸಿದ ಹಂದಿ. ಕೊಯ್ಯುವ ದಿನ ಬಂದಿದೆ. ಹಿಂದೆ ಮನೆಮಂದಿ, ಮಕ್ಕಳು. ಅದನ್ನು ಹೋದ ಸಲ ಹಾಕದೆ ಬಿಟ್ಟದ್ದು ನಮ್ಮ ತಪ್ಪು. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಪುಟಕ್ಕೆ ಹಾಕುತ್ತೇವೆ.