ಅಗುಳಿನಿಂದ ಶುರು ಮಾಡಿ

ನಮಸ್ಕಾರ. ಕಾಸರಗೋಡಿನ ಪೆರ್ಲದಿಂದ ನೀವು ಕಳಿಸಿದ ಬರಹ 'ಕತ್ತಿಯಂಚಿನಲ್ಲಿ ಅಪ್ಪ' ಎರಡು ಸಲ ಓದಿದೆ. ಅಪ್ಪನ ಕೆಳದವಡೆಯಲ್ಲಿ ಸಿಸ್ಟ್ (ಮೂಳೆಯೊಳಗೆ ನೀರು ತುಂಬಿ ಬೆಳೆಯುವ ಚೀಲ), ಮಂಗಳೂರಿನಲ್ಲಿ ಆಪರೇಷನ್, ತುಟಿಯ ನರ ಉಳಿಸಿದ ಡಾಕ್ಟರು, ಇಷ್ಟು ವಿಷಯ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬೈಗುಳ. ಎಂಟು ಪುಟದಲ್ಲಿ ಮೂರು ಪುಟ ಥಿಯೇಟರಿನ ಬಾಗಿಲ ಹೊರಗೇ ಕಳೆದಿದ್ದೀರಿ. ಕೆಂಪು ದೀಪ, ಗೋಡೆ ಗಡಿಯಾರ, ಅಮ್ಮನ ಕಣ್ಣೀರು. ಸಿನಿಮಾದಲ್ಲಿ ನೋಡಿ ನೋಡಿ ಸಾಕಾಗಿದೆ ಅಲ್ವಾ? ಅದರ ಮೇಲೆ ಅಪ್ಪ "ನಂಗೇನೂ ಆಗಲ್ಲ ಕಣೇ" ಅನ್ನುತ್ತಾರೆ. ಪೆರ್ಲದಲ್ಲಿ ಯಾರು ಮಾರಾಯ್ರೆ 'ಕಣೇ' ಅನ್ನುವುದು? ಮನೆಮಾತು ಹವ್ಯಕ ಅಂತ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ. "ಹೆದರೆಡ" ಅಂತ ಒಂದು ಮಾತು ಹೇಳಿಸಿ, ಸಾಕು. ಬೆಂಗಳೂರಿನವರಿಗೆ ಅರ್ಥವಾಗುತ್ತದೋ ಇಲ್ಲವೋ ಅನ್ನುವ ಚಿಂತೆ ನನಗಿರಲಿ.

ಇನ್ನೊಂದು ತಪ್ಪು ದೊಡ್ಡದು. "ನರ ಕಡಿದಿದ್ದರೆ ಅಪ್ಪನ ಬಾಯಿ ಸೊಟ್ಟಗಾಗುತ್ತಿತ್ತು" ಅಂದಿದ್ದೀರಿ. ಆಗುತ್ತಿರಲಿಲ್ಲ. ಬಾಯಿ ಸೊಟ್ಟಗಾಗುವುದು ಮುಖ ಆಡಿಸುವ ಏಳನೇ ನರಕ್ಕೆ ಪೆಟ್ಟಾದರೆ. ಕೆಳದವಡೆಯ ಮೂಳೆಯೊಳಗೆ ಕೊಳವೆಯಂಥ ದಾರಿಯಲ್ಲಿ ಹೋಗುವುದು ಐದನೇ ನರದ ಒಂದು ಕವಲು. ಅದು ಹಲ್ಲಿನ ಬೇರುಗಳ ಅಡಿಯಲ್ಲೇ ಸಾಗಿ, ಕೋರೆಹಲ್ಲಿನ ಹಿಂದಿರುವ ಸಣ್ಣ ದವಡೆಹಲ್ಲುಗಳ ಕೆಳಗೆ ಒಂದು ತೂತಿನಿಂದ ಹೊರಬಂದು ತುಟಿಗೆ, ಗದ್ದಕ್ಕೆ ಹರಡುತ್ತದೆ. ಅಲ್ಲಿ ಏನು ತಾಗಿತು ಅಂತ ತಿಳಿಸುವುದು ಅದರ ಕೆಲಸ. ಅದಕ್ಕೆ ಏಟು ಬಿದ್ದವರ ಮುಖ ಕನ್ನಡಿಯಲ್ಲಿ ಮೊದಲಿನ ಹಾಗೇ ಕಾಣುತ್ತದೆ. ಆದರೆ ಗಡ್ಡ ಹೆರೆಯುವಾಗ ಬ್ಲೇಡು ತಾಗಿದ್ದು ರಕ್ತ ಕಂಡಮೇಲೇ ಗೊತ್ತು, ಅದೂ ಗದ್ದದ ನಡುವಿನಿಂದ ಒಂದೇ ಬದಿಗೆ.

ನನಗಿದು ಸ್ವಲ್ಪ ಗೊತ್ತು. ಕೆಳಗಿನ ಬುದ್ಧಿಹಲ್ಲು ತೆಗೆಸಿಕೊಂಡ ಮೇಲೆ ಆರು ವಾರ ನನ್ನ ತುಟಿಯ ಬಲಭಾಗ ಇದ್ದೂ ಇಲ್ಲದ ಹಾಗಿತ್ತು. ಚಹಾ ಕುಡಿಯುವಾಗ ಲೋಟದ ಅಂಚು ಅರ್ಧಕ್ಕೇ ಮುರಿದಿದೆಯೇನೋ ಅನ್ನಿಸುತ್ತಿತ್ತು. ಆಮೇಲೆ ಇರುವೆ ಹರಿದ ಹಾಗಾಗಿ ಮೆಲ್ಲ ಸರಿಹೋಯಿತು. ಕಡಿಯದೆ ಬರೀ ಒತ್ತಿದ, ಎಳೆದ ನರ ಸಾಮಾನ್ಯವಾಗಿ ಹೀಗೇ, ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಿಕೊಳ್ಳುತ್ತದೆ. ಕಡಿದರೆ ಬೇರೆ ಕಥೆ.

ಈಗ ನನ್ನ ನಿಜವಾದ ತಕರಾರು. ನಾಲ್ಕನೇ ಪುಟದ ಕೊನೆಗೆ "ಡಾಕ್ಟರು ಸಿಸ್ಟಿಗೆ ಸಣ್ಣ ಕಿಂಡಿ ಮಾಡಿ ಮನೆಗೆ ಕಳಿಸಿದರು. ಎಂಟು ತಿಂಗಳ ನಂತರ..." ಅಂತ ಹಾರಿಬಿಟ್ಟಿದ್ದೀರಿ. ಅಯ್ಯೋ, ನರ ಉಳಿದದ್ದೇ ಆ ಎಂಟು ತಿಂಗಳಲ್ಲಿ, ನಿಮ್ಮ ಮನೆಯ ಜಗಲಿಯಲ್ಲಿ!

ಎಕ್ಸ್‌ರೇಯಲ್ಲಿ ದೊಡ್ಡ ಕಪ್ಪು ಗುಂಡು, ನರದ ದಾರಿ ದವಡೆಯ ಕೆಳಗಿನ ಅಂಚಿಗೆ ಸರಿದಿತ್ತು ಅಂತ ನೀವೇ ಬರೆದಿದ್ದೀರಿ. ದವಡೆಯನ್ನು ಎಲ್ಲ ಬದಿಯಿಂದಲೂ ತೋರಿಸುವ ಸಿಬಿಸಿಟಿ ಸ್ಕ್ಯಾನಿನಲ್ಲಿ ಸಿಸ್ಟಿನ ಚೀಲಕ್ಕೂ ನರಕ್ಕೂ ನಡುವೆ ಮೂಳೆಯೇ ಇರಲಿಲ್ಲ. ಅಂಥ ಚೀಲವನ್ನು ಒಂದೇ ಸಲಕ್ಕೆ ಸುಲಿದು ತೆಗೆಯಲು ಹೋದರೆ ಪೊರೆಗೆ ತಾಗಿಕೊಂಡ ನರಕ್ಕೂ ಎಳೆತ ಬೀಳಬಹುದು, ತೆಳ್ಳಗಾದ ದವಡೆ ಮುರಿಯುವ ಭಯ ಬೇರೆ. ಅದಕ್ಕೇ ಕಿಂಡಿ. ಪೊರೆಯ ಒಂದು ಚೂರು ಬಯಾಪ್ಸಿಗೆ ಹೋಗುತ್ತದೆ, ಒಳಗಿನ ನೀರು ಹೊರಬರುತ್ತದೆ, ಒತ್ತಡ ಇಳಿಯುತ್ತದೆ, ಆಮೇಲೆ ಸುತ್ತಲಿಂದ ಹೊಸ ಮೂಳೆ ತುಂಬುತ್ತಾ ಬಂದು ಚೀಲ ಕುಗ್ಗಿ ನರದಿಂದ ದೂರ ಸರಿಯುತ್ತದೆ. ಉಳಿದದ್ದನ್ನು ಎರಡನೇ ಸಲ ತೆಗೆಯುವುದು ಆಗ ಸುಲಭ. ಪಾರ್ಚ್ ಎಂಬ ಜರ್ಮನ್ ಡಾಕ್ಟರು 1892ರಲ್ಲೇ ಈ ಉಪಾಯ ಬರೆದಿಟ್ಟಿದ್ದರು. ಸಣ್ಣ ಸಿಸ್ಟಾದರೆ ನೇರ ತೆಗೆದುಬಿಡುತ್ತಾರೆ ಅಂತ ಒಂದು ಸಾಲು ಸೇರಿಸಿ, ಇಲ್ಲದಿದ್ದರೆ ಓದಿದವರು ಡಾಕ್ಟರ ಮುಂದೆ ಕಿಂಡಿಯೇ ಬೇಕು ಅಂತ ಹಟ ಹಿಡಿದು ಕೂರುತ್ತಾರೆ.

ಆದರೆ ಕಿಂಡಿ ಮುಚ್ಚಿಹೋಗಬಾರದು, ಒಳಗೆ ಅನ್ನ ಸಿಕ್ಕಿ ಕೊಳೆಯಬಾರದು. ದಿನಾ ಸಿರಿಂಜಿನಲ್ಲಿ ತೊಳೆದವರು ಯಾರು? ನೀವು! ಅದಕ್ಕೆ ಕೊಟ್ಟದ್ದು ಒಂದೇ ವಾಕ್ಯ. ನೀರು ಎಷ್ಟು ಬಿಸಿ ಇತ್ತು, ಟಾರ್ಚ್ ಹಿಡಿದದ್ದು ಯಾರು, ಅಡಿಕೆ ಕೊಯ್ಲಿನ ದಿನ ಅಪ್ಪ ತಪ್ಪಿಸಿಕೊಂಡು ತೋಟಕ್ಕೆ ಓಡುತ್ತಿದ್ದರಾ? ತಾಳಮದ್ದಳೆಯಲ್ಲಿ ಅರ್ಥ ಹೇಳುವವರು ಅವರು. ಬಾಯಿ ಬಿಟ್ಟರೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ, ದಿನಾ ಮಗಳ ಮುಂದೆ ಮಾತಿಲ್ಲದೆ ಬಾಯಿ ಬಿಟ್ಟು ಕೂತರಲ್ಲ, ಅದು ನಿಮ್ಮ ಕಣ್ಣಿಗೆ ಹೇಗೆ ಬೀಳಲಿಲ್ಲ ಅಂತ ನನಗಾಶ್ಚರ್ಯ.

ಇನ್ನು ಆರನೇ ಪುಟ. ಎರಡನೇ ಆಪರೇಷನ್ ಆದ ಮೇಲೆ ಅಪ್ಪನ ತುಟಿಯ ಕೆಳಗೆ ಗಂಜಿಯ ಅಗುಳು ಅಂಟಿಕೊಂಡಿತ್ತು, ಅವರಿಗೆ ಗೊತ್ತಾಗಲಿಲ್ಲ, ಅಮ್ಮ ಸೆರಗಿನಿಂದ ಒರೆಸಿದರು. ಇಡೀ ಬರಹದಲ್ಲಿ ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ಅದರ ಹಿಂದೆಯೇ 'ವಿಧಿಯಾಟ' ಅಂತ ಬರೆದು ಹಾಳು ಮಾಡಿದ್ದೀರಿ. ನರ ಉಳಿದರೂ ಹತ್ತಿರ ಕೈಯಾಡಿಸಿದ್ದಕ್ಕೆ ಸ್ವಲ್ಪ ದಿನ ಮುನಿಸಿಕೊಳ್ಳಬಹುದು, ಅಷ್ಟೇ. ವಿಧಿ ಯಾಕೆ ಬೇಕು? ಆಮೇಲೆ ಡಾಕ್ಟರು ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಗದ್ದ ಮುಟ್ಟಿ "ಗೊತ್ತಾಗ್ತದಾ?" ಕೇಳಿದ್ದನ್ನು ಅಗುಳಿನ ಪಕ್ಕಕ್ಕೇ ತನ್ನಿ.

ಅಗುಳಿನಿಂದಲೇ ಶುರು ಮಾಡಿ. ಥಿಯೇಟರಿಗೆ ಅರ್ಧ ಪುಟ, ಜಗಲಿಗೆ ಎಷ್ಟು ಬೇಕೋ ಅಷ್ಟು. ಹೆಸರೂ ಬದಲಿಸಿ, ಕತ್ತಿ ಬೇಡ. ಮುಂದಿನ ತಿಂಗಳು 10ರೊಳಗೆ ಕಳಿಸಿ. ಅಗುಳು ಅಂಟಿದ್ದು ಗೊತ್ತಾಗಿ ಅಪ್ಪ ತಾವೇ ಒರೆಸಿಕೊಂಡ ಮೊದಲ ದಿನ ಯಾವುದು ಅಂತ ಅಮ್ಮನನ್ನು ಕೇಳಿ ನೋಡಿ, ಅವರಿಗೆ ನೆನಪಿರುತ್ತದೆ.